ಪಡ್ರೆಯ ಅಧ್ಯಯನ: ಒಂದು ನೈತಿಕ ವಿಮರ್ಶೆ

ವಿಷದಿಂದ ಆ ದಿನವೇ ಆಗುವ ಹಾನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ವರ್ಷಗಳ ನಂತರ ತಲೆದೋರುವ ಹಾನಿಯನ್ನು ಗುರುತಿಸಬೇಕಾದರೆ ತಾಳ್ಮೆಯಿಂದ ಬರೆದಿಟ್ಟ ದಾಖಲೆ ಬೇಕು. ಅದಿಲ್ಲದೆ ಹೋದರೆ ನೊಂದವರ ಮಾತು ಬರಿಯ ಹೇಳಿಕೆಯಾಗಿ ಉಳಿಯುತ್ತದೆ. ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣದಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನವನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಉಚಿತವಾಗಿದೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯು ಕನ್ನಡ, ತುಳು ಮಾತನಾಡುವ ಕೃಷಿಕರಿರುವ ಗ್ರಾಮ. ಸುತ್ತಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಟೀ ಸೊಳ್ಳೆಯ ಹತೋಟಿಗೆಂದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ, 2000ದವರೆಗೆ, ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಬುಡದ ತೋಡು, ಸುರಂಗಗಳ ನೀರನ್ನೇ ಜನರು ಬಳಸುತ್ತಿದ್ದರು. 1979ರ ಸುಮಾರಿಗೆ ಅಂಗವೈಕಲ್ಯವುಳ್ಳ ಕರುಗಳು ಹುಟ್ಟಿದಾಗ ಅದರ ಬಗ್ಗೆ ಮೊದಲು ಬರೆದವರು ಪತ್ರಕರ್ತ ಶ್ರೀ ಪಡ್ರೆಯವರು. ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳ ಕುರಿತು 1997ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡವು ಪಡ್ರೆಗೆ ಬಂದದ್ದು 2001ರಲ್ಲಿ. ಮೊದಲ ಎಚ್ಚರಿಕೆಗೂ ಈ ಪರೀಕ್ಷೆಗೂ ನಡುವೆ ಎರಡು ದಶಕಗಳು ಕಳೆದಿದ್ದವು.

ಡಾ. ಎಚ್. ಎನ್. ಸೈಯದ್ ಮತ್ತು ಅವರ ಸಹೋದ್ಯೋಗಿಗಳ ಪ್ರಬಂಧವು 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ತೋಟಗಳ ಬುಡದ ಗ್ರಾಮದಲ್ಲಿ 10ರಿಂದ 19 ವರ್ಷದ 117 ಬಾಲಕರನ್ನೂ, ಸಿಂಪರಣೆ ನಡೆಯದ ಬೇರೊಂದು ಗ್ರಾಮದಲ್ಲಿ 90 ಬಾಲಕರನ್ನೂ ಅವರು ಪರೀಕ್ಷಿಸಿದರು. ರಕ್ತರಸದಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ಮೊದಲ ಗುಂಪಿನಲ್ಲಿ ನೂರು ಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37 ಭಾಗ. ವಿಷದ ಸಂಪರ್ಕ ಹೆಚ್ಚಿದಂತೆ ಪ್ರೌಢತೆಯ ದೈಹಿಕ ಲಕ್ಷಣಗಳು ತಡವಾಗಿದ್ದವು. ಟೆಸ್ಟೋಸ್ಟಿರಾನ್ ಪ್ರಮಾಣ ಕಡಿಮೆಯಾಗಿತ್ತು.

ಈ ಪ್ರಬಂಧದ ಗುಣ ಅದರ ಸಂಯಮದಲ್ಲಿದೆ. ಹೋಲಿಕೆಗೆ ಮತ್ತೊಂದು ಗ್ರಾಮವನ್ನು ಆರಿಸಿಕೊಂಡದ್ದು ಶಾಸ್ತ್ರೀಯವಾದ ಕ್ರಮ. ಪರೀಕ್ಷಿತರ ಸಂಖ್ಯೆ ಚಿಕ್ಕದೆಂಬುದನ್ನೂ, ಭಾಗವಹಿಸದೆ ಉಳಿದವರಿದ್ದರೆಂಬುದನ್ನೂ ಲೇಖಕರು ತಾವೇ ಹೇಳಿದ್ದಾರೆ. ಪ್ರೌಢತೆ ತಡವಾಗಬಹುದೆಂದು ಫಲಿತಾಂಶ ಸೂಚಿಸುತ್ತದೆ ಎಂದಷ್ಟೇ ಅವರ ನಿಲುವು. ಗ್ರಾಮದ ಪ್ರತಿಯೊಂದು ಕಾಯಿಲೆಗೂ ಈ ಕೀಟನಾಶಕವೇ ಕಾರಣವೆಂದು ಅವರು ಬರೆದಿಲ್ಲ. ಹಾಗೆ ಓದುವವರು ಪ್ರಬಂಧಕ್ಕೆ ಅನ್ಯಾಯ ಮಾಡುತ್ತಾರೆ. ಇಷ್ಟರಿಂದ ಏನೂ ಸಿದ್ಧವಾಗಲಿಲ್ಲವೆಂದು ತಳ್ಳಿಹಾಕುವವರೂ ಅಷ್ಟೇ ಅನ್ಯಾಯ ಮಾಡುತ್ತಾರೆ.

ಕೊರತೆ ಬೇರೆಡೆ ಇದೆ. ಇದು ಒಂದೇ ಸಲ ನಡೆದ ಪರೀಕ್ಷೆ. ತಡವಾದ ಬೆಳವಣಿಗೆ ಮುಂದೆ ಸರಿಹೋಯಿತೇ, ವಿವಾಹಾನಂತರ ಸಂತಾನದ ಮೇಲೆ ಪರಿಣಾಮ ಬೀರಿತೇ ಎಂಬ ಪ್ರಶ್ನೆಗೆ ಒಂದು ದಿನದ ರಕ್ತ ಉತ್ತರಿಸಲಾರದು. ವ್ಯಾಪಾರದಲ್ಲಿ ಒಂದು ದಿನದ ರೋಕಡವನ್ನು ನೋಡಿ ಅಂಗಡಿಯ ಲಾಭನಷ್ಟವನ್ನು ಯಾರೂ ನಿರ್ಣಯಿಸುವುದಿಲ್ಲ. ಅಂದಿನ ಬಾಲಕರು ಇಂದು ಮೂವತ್ತು ದಾಟಿದ ಗೃಹಸ್ಥರು. ಅದೇ 207 ಮಂದಿಯನ್ನು ನಿಯತಕಾಲಗಳಲ್ಲಿ ಮತ್ತೆ ಪರೀಕ್ಷಿಸಿದಾಗಲೇ ಆ ಪ್ರಬಂಧ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯುವುದು.

ದೀರ್ಘಕಾಲ ನಡೆದ ಅಧ್ಯಯನದ ಬೆಲೆಯನ್ನು ಜಪಾನಿನಲ್ಲಿ ಕಾಣಬಹುದು. 1945ರ ಅಣುಬಾಂಬುಗಳ ನಂತರ, 1950ರ ಜನಗಣತಿಯ ಆಧಾರದಿಂದ, ಹಿರೋಷಿಮಾ ಮತ್ತು ನಾಗಸಾಕಿಗಳ ಸುಮಾರು 1,20,000 ಜನರ ಪಟ್ಟಿ ಸಿದ್ಧವಾಯಿತು. ಮೊದಲ ಹತ್ತು ವರ್ಷಗಳಲ್ಲಿ ಎದ್ದು ಕಂಡದ್ದು ರಕ್ತದ ಕ್ಯಾನ್ಸರ್. ಇತರ ಅಂಗಗಳ ಕ್ಯಾನ್ಸರ್ ಹೆಚ್ಚಿದ್ದು ಅನಂತರದ ದಶಕಗಳಲ್ಲಿ ಸ್ಪಷ್ಟವಾಯಿತು. ಹತ್ತನೆಯ ವರ್ಷಕ್ಕೇ ಪುಸ್ತಕ ಮುಚ್ಚಿದ್ದರೆ ಎರಡನೆಯ ಸತ್ಯ ಹೊರಬರುತ್ತಿರಲಿಲ್ಲ. ಆದರೆ ಅಲ್ಲಿಯೂ ಒಂದು ದೋಷವಿತ್ತು. ಅಧ್ಯಯನವನ್ನು ಆರಂಭಿಸಿದ ಅಮೆರಿಕದ ಆಯೋಗವು ಸಂತ್ರಸ್ತರನ್ನು ಪರೀಕ್ಷಿಸಿತೇ ಹೊರತು ಚಿಕಿತ್ಸೆ ನೀಡಲಿಲ್ಲವೆಂಬ ಆಕ್ಷೇಪ ಆಗಲೇ ಕೇಳಿಬಂತು. ನೊಂದವನ ದೇಹದಿಂದ ಜ್ಞಾನವನ್ನು ಪಡೆದು, ಅವನಿಗೆ ಔಷಧವನ್ನೂ ಫಲಿತಾಂಶವನ್ನೂ ಕೊಡದಿರುವುದು ಸಾಲ ಪಡೆದು ಹಿಂತಿರುಗಿಸದಿರುವುದಕ್ಕೆ ಸಮಾನ.

ದಾಖಲೆಯ ಅಭಾವದ ಫಲವನ್ನು ಕಾಸರಗೋಡು ಅನುಭವಿಸಿತು. ಸಂತ್ರಸ್ತರನ್ನು ಗುರುತಿಸುವ ದೊಡ್ಡ ವೈದ್ಯಕೀಯ ಶಿಬಿರಗಳು ನಡೆದದ್ದು 2010ರ ನಂತರ, ಸಿಂಪರಣೆ ನಿಂತು ದಶಕ ಕಳೆದ ಮೇಲೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. 2022ರಲ್ಲಿಯೂ ಆದೇಶ ಪಾಲನೆಯಾಗದ ದೂರು ಅದೇ ನ್ಯಾಯಾಲಯದ ಮುಂದಿತ್ತು. ಪರಿಹಾರಕ್ಕೆ ಪಟ್ಟಿ ಬೇಕು, ಪಟ್ಟಿಗೆ ಪುರಾವೆ ಬೇಕು. ಪುರಾವೆ ಸಂಗ್ರಹಿಸಬೇಕಾದ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಗಡಿಯ ಈಚೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳಲ್ಲಿಯೂ ಇದೇ ಸಿಂಪರಣೆ ನಡೆದಿತ್ತು. ಅಲ್ಲಿಯ ಕುಟುಂಬಗಳ ಪಾಡೂ ಇದೇ.

ವಿಷ ಸಿಂಪಡಿಸುವ ಸಂಸ್ಥೆ ತನ್ನ ದಾಸ್ತಾನು ಪುಸ್ತಕದಲ್ಲಿ ಎಷ್ಟು ಡಬ್ಬಿ ಬಂತು, ಎಷ್ಟು ಖರ್ಚಾಯಿತು ಎಂದು ಬರೆದಿಡುತ್ತದೆ. ಅದೇ ದಿನ ಆ ಗಾಳಿಯನ್ನು ಉಸಿರಾಡಿದ ಮನೆಗಳ ಹೆಸರುಗಳನ್ನೂ ಯಾರಾದರೂ ಬರೆದಿಡಬೇಕೆಂಬ ನಿಯಮ ಆಗ ಇದ್ದಿದ್ದರೆ, 2001ರ ತಂಡಕ್ಕೆ 117 ಬಾಲಕರ ಬದಲು ಇಡೀ ಗ್ರಾಮದ ಇಪ್ಪತ್ತು ವರ್ಷಗಳ ಚರಿತ್ರೆ ದೊರೆಯುತ್ತಿತ್ತು. ಸಿದ್ಧವಾಗಿಲ್ಲ ಎಂಬ ಮಾತಿಗೂ ಹಾನಿಯಾಗಿಲ್ಲ ಎಂಬ ಮಾತಿಗೂ ಬಹಳ ಅಂತರವಿದೆ. ಆ ಅಂತರವನ್ನು ಪಡ್ರೆಯ ಪ್ರಬಂಧವು ಪ್ರಾಮಾಣಿಕವಾಗಿ ಉಳಿಸಿಕೊಂಡಿದೆ. ಅದನ್ನು ತುಂಬುವ ಹೊಣೆ ಸರ್ಕಾರಗಳದು.