ಬ್ಲಾಕ್ ಹೀಟರ್ ಕೈಪಿಡಿಗಳು ಹೇಳದೆ ಬಿಟ್ಟದ್ದು

ಕೆನಡದ ವಿನ್ನಿಪೆಗ್, ಸಸ್ಕಟೂನ್ ನಗರಗಳಲ್ಲಿ ಜನವರಿ ತಿಂಗಳು ಕಾರು ನಿಲ್ಲಿಸುವ ಜಾಗವನ್ನು ನೋಡಿದರೆ ನಿಮಗೆ ಆಶ್ಚರ್ಯವಾದೀತು. ಪೆಟ್ರೋಲ್ ಕಾರಿನ ಮೂತಿಯಿಂದ ವಿದ್ಯುತ್ ತಂತಿಯೊಂದು ಹೊರಬಂದು ಪಕ್ಕದ ಕಂಬದ ಪ್ಲಗ್ಗಿಗೆ ಸೇರಿರುತ್ತದೆ. ಅದು ಎಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರಿನ ತಂತಿ. ಅಮೆರಿಕದ ಉತ್ತರ ಡಕೋಟ ರಾಜ್ಯದ ಆಂಡ್ರೂ ಫ್ರೀಮನ್ ಇಂಥ ಒಂದು ಸಾಧನಕ್ಕೆ 1949ರಲ್ಲಿ ಪೇಟೆಂಟ್ ಪಡೆದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಓದಲು ಹೋಗಿ, ಹಳೆಯ ಕಾರು ಕೊಂಡು, ಕೈಪಿಡಿ ನೋಡಿಕೊಂಡು ತಾನೇ ಹೀಟರ್ ಅಳವಡಿಸಿದ. ಮೊದಲ ರಾತ್ರಿಯೇ ಅದು ಸುಟ್ಟುಹೋಯಿತು. ಅವನು ಕಳಿಸಿದ ಕೈಪಿಡಿಯನ್ನೂ ಅದೇ ಬಗೆಯ ಇನ್ನೂ ಕೆಲವನ್ನೂ ಕುಳಿತು ಓದಿದೆ. ಅವುಗಳ ಬಗ್ಗೆ ನನ್ನ ತಕರಾರು ಇದೆ.

ಅವುಗಳಲ್ಲಿ ಒಳ್ಳೆಯದೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೆಲಸ ಆರಂಭಿಸಿ. ಹೊರಬಿಟ್ಟ ಕೂಲಂಟ್ ಸಿಹಿಯಾಗಿದ್ದು ವಿಷಕಾರಿ, ಮಕ್ಕಳು ನಾಯಿಗಳ ಕೈಗೆಟುಕದಂತೆ ಹಿಡಿದಿಡಿ. ತಂತಿ ಫ್ಯಾನಿಗೂ ಹೊಗೆಕೊಳವೆಗೂ ತಾಗದಿರಲಿ. ಇವೆಲ್ಲ ಸ್ಪಷ್ಟವಾಗಿವೆ. ಎಡವಿರುವುದು ಭೌತವಿಜ್ಞಾನದಲ್ಲಿ.

ಎಂಜಿನ್ನಿನ ಪಕ್ಕದಲ್ಲಿರುವ ದುಂಡನೆಯ ಲೋಹದ ಬಿರಡೆಯನ್ನು ತೆಗೆದು ಆ ರಂಧ್ರದಲ್ಲಿ ಹೀಟರ್ ಕೂರಿಸುತ್ತಾರೆ. ಬಿರಡೆಯ ಹೆಸರು ಫ್ರೀಜ್ ಪ್ಲಗ್. ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇದು ಹೊರಚಿಮ್ಮಿ ಎಂಜಿನ್ನನ್ನು ಉಳಿಸುತ್ತದೆ ಎಂಬ ವಿವರಣೆ ಬೇರೆ. ವಾಸ್ತವವಾಗಿ ಆ ರಂಧ್ರ, ಎರಕ ಹೊಯ್ಯುವಾಗ ಒಳಗಿಟ್ಟ ಮರಳಿನ ಅಚ್ಚನ್ನು ಹೊರತೆಗೆಯಲು ಬಿಟ್ಟದ್ದು. ಒಮ್ಮೊಮ್ಮೆ ಬಿರಡೆ ಚಿಮ್ಮುವುದುಂಟು. ಆದರೂ ಬ್ಲಾಕ್ ಬಿರುಕು ಬಿಡಬಹುದು.

ಹೀಟರ್ ಏಕೆ ಬೇಕು ಎಂಬಲ್ಲೂ ಇದೇ ಗೊಂದಲ. ಕೂಲಂಟ್ ಗಡ್ಡೆಕಟ್ಟದಂತೆ ನೋಡಿಕೊಳ್ಳಲು ಎನ್ನುತ್ತವೆ ಕೈಪಿಡಿಗಳು. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲಿನ ಮಿಶ್ರಣ ಸುಮಾರು -37° ಸೆ. ವರೆಗೆ ಹೆಪ್ಪುಗಟ್ಟುವುದಿಲ್ಲವಲ್ಲ! ನಿಜವಾದ ತೊಂದರೆ ಎಣ್ಣೆಯದು. ತಾಪ ಇಳಿದಂತೆ ಅದರ ಸ್ನಿಗ್ಧತೆ ಏರಿ ಎಂಜಿನ್ ತಿರುಗಲು ಹೆಚ್ಚು ಬಲ ಬೇಕಾಗುತ್ತದೆ. ಅದೇ ಹೊತ್ತಿಗೆ ಬ್ಯಾಟರಿ ಕೊಡಬಲ್ಲ ಪ್ರವಾಹ ತಗ್ಗಿರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ.

ಇನ್ನು ಸುಟ್ಟುಹೋದ ಹೀಟರಿಗೆ ಬರೋಣ. ನೀರು ಕಾಯಿಸುವ ರಾಡನ್ನು ಬಕೆಟ್ಟಿನಲ್ಲಿ ಮುಳುಗಿಸದೆ ಸ್ವಿಚ್ ಹಾಕಬಾರದೆಂದು ನಮ್ಮ ಹಾಸ್ಟೆಲ್ ಹುಡುಗರಿಗೆಲ್ಲ ಗೊತ್ತು. ಬ್ಲಾಕ್ ಹೀಟರ್ ಕೂಡ ಅಂಥದೇ ರಾಡು. ಅದರ ಬಕೆಟ್ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಕೂಲಂಟನ್ನು ಮತ್ತೆ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡು ರಾಡಿನ ಸುತ್ತ ನಿಲ್ಲಬಹುದು. ಗಾಳಿಯ ಉಷ್ಣವಾಹಕತೆ ಈ ದ್ರವದ್ದರ ಹತ್ತನೆಯ ಒಂದು ಭಾಗವೂ ಇಲ್ಲ. 400 ವ್ಯಾಟ್ ಹೊರಹೋಗಲು ದಾರಿಯಿಲ್ಲದೆ ಲೋಹದ ತಾಪ ಏರುತ್ತಲೇ ಹೋಗುತ್ತದೆ. ಆದ್ದರಿಂದ ಕೂಲಂಟ್ ತುಂಬಿ, ಎಂಜಿನ್ ಓಡಿಸಿ, ಗಾಳಿಯನ್ನು ಹೊರಹಾಕಿ, ತಣ್ಣಗಾದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿದ ನಂತರವೇ ಪ್ಲಗ್ ಹಾಕಬೇಕು. ನನ್ನ ವಿದ್ಯಾರ್ಥಿಯ ಕೈಪಿಡಿಯಲ್ಲಿ ಇದಕ್ಕೆ ಸಿಕ್ಕ ಜಾಗ ಕೊನೆಯ ಅರ್ಧ ಸಾಲು: 'ಕೂಲಂಟ್ ತುಂಬಿ'. ತಿರುಪು ಎಷ್ಟು ಬಿಗಿಯಬೇಕೆಂಬುದಕ್ಕೆ ಮಾತ್ರ ಒಂದಿಡೀ ಪ್ಯಾರಾ!

ಇದಾದ ಮೇಲೆ 'ರಾತ್ರಿಯಿಡೀ ಹಾಕಿಡಿ' ಎಂಬ ಸಲಹೆ. ಇದನ್ನು ತರಗತಿಯಲ್ಲಿ ಲೆಕ್ಕ ಮಾಡಿಸಿ ನೋಡಿ. ಎಂಜಿನ್ನಿನಲ್ಲಿ 120 ಕಿಗ್ರಾಂ ಕಬ್ಬಿಣ, 6 ಲೀಟರ್ ಕೂಲಂಟ್ ಇದೆಯೆನ್ನಿ. ಎರಡೂ ಸೇರಿ ತಾಪ ಒಂದು ಡಿಗ್ರಿ ಏರಲು ಸುಮಾರು 75 ಕಿಲೋಜೂಲ್ ಬೇಕು. ಹೊರಗಿನ ಗಾಳಿಗಿಂತ ಪ್ರತಿ ಡಿಗ್ರಿ ಹೆಚ್ಚಿಗೆ 12 ವ್ಯಾಟ್ ಸೋರಿಹೋಗುತ್ತದೆ ಎಂದು ಇಟ್ಟುಕೊಳ್ಳೋಣ. (ಗಾಳಿ ಬೀಸಿದರೆ ಸೋರಿಕೆ ಇನ್ನೂ ಹೆಚ್ಚು.) ಸೋರಿಕೆ 400 ವ್ಯಾಟ್ ಮುಟ್ಟಿದ ಕೂಡಲೇ ತಾಪ ಏರುವುದು ನಿಲ್ಲುತ್ತದೆ, ಅಂದರೆ ಏರಿಕೆಯ ಮಿತಿ ಸುಮಾರು 33 ಡಿಗ್ರಿ. ನ್ಯೂಟನ್ನನ ತಂಪಾಗುವಿಕೆಯ ನಿಯಮ ಬಳಸಿದರೆ ಎರಡು ಗಂಟೆಗೆ 23 ಡಿಗ್ರಿ, ನಾಲ್ಕು ಗಂಟೆಗೆ 30 ಡಿಗ್ರಿ ಏರಿಕೆ ಸಿಗುತ್ತದೆ. ಹತ್ತು ಗಂಟೆ ಹಾಕಿಟ್ಟರೂ 33 ದಾಟದು. ಖರ್ಚು ಮಾತ್ರ 0.8 ಯೂನಿಟ್ಟಿನಿಂದ 4 ಯೂನಿಟ್ಟಿಗೆ ಏರಿರುತ್ತದೆ. ನಡುರಾತ್ರಿಯ ನಂತರ ನೀವು ಕಾಯಿಸುತ್ತಿರುವುದು ಸಸ್ಕಟೂನಿನ ಆಕಾಶವನ್ನು! ಕೆನಡ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಟೈಮರ್ ಇಟ್ಟು ಹೊರಡುವ ಸುಮಾರು ಎರಡು ಗಂಟೆ ಮೊದಲು ಹಾಕಿದರೆ ಸಾಕೆನ್ನುವುದು ಇದಕ್ಕೇ.

ಕೈಪಿಡಿ ಬರೆದವರು ಬಹುಶಃ ಹೀಗೆನ್ನುತ್ತಾರೆ: ಮೆಕ್ಯಾನಿಕ್ಕಿಗೆ ಇಷ್ಟೆಲ್ಲ ಕಾರಣ ಏಕೆ? ನಾನು ಒಪ್ಪುವುದಿಲ್ಲ. ಬ್ಲಾಕಿನ ಆಕಾರ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಯಾವ ಪಟ್ಟಿಯೂ ಮೊದಲೇ ಹೇಳಲಾರದು. ಕಾರಣ ಗೊತ್ತಿದ್ದವನು ತನ್ನ ಕಾರಿನಲ್ಲಿ ಅದನ್ನು ಹುಡುಕುತ್ತಾನೆ.

ಅದೇ ವಿದ್ಯಾರ್ಥಿ ಎರಡನೆಯ ಹೀಟರ್ ಹಾಕುವ ಮುನ್ನ ಫೋನ್ ಮಾಡಿದ್ದ. ಕಾರಿನ ಮುಂಭಾಗವನ್ನು ಇಳಿಜಾರಿನ ಮೇಲ್ಬದಿಗೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳವೇ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಮಾಡಿ ಕೂಲಂಟ್ ತುಂಬಿದ್ದನಂತೆ. ಗುಳುಗುಳು ಸದ್ದು ನಿಲ್ಲುವ ತನಕ ಕಾದೆ ಸರ್, ಎಂದ.