ಬಣ್ಣದ ಲೆಕ್ಕ, ಬಿಸಿಯ ಲೆಕ್ಕ

ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ ತೆರೆಯಲು ಹೊರಟವರ ಮುಂದೆ ಯಂತ್ರ ಮಾರುವವರು ಇಡುವ ಮೊದಲ ಪ್ರಶ್ನೆ: ಫೋರ್ ಬೈ ಫೋರ್ ಬೇಕೋ, ಸಿಕ್ಸ್ ಬೈ ಸಿಕ್ಸೋ? ಮೊದಲ ಅಂಕಿ ಫ್ರೇಮನ್ನು ಕಚ್ಚಿ ಹಿಡಿಯುವ ತೋಳುಗಳದು, ಅಂದರೆ ಬಣ್ಣಗಳದು. ಎರಡನೆಯದು ಅಂಗಿ ತೊಡಿಸುವ ಹಲಗೆಗಳದು. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ, ಕೊಳ್ಳುವವನ ಆಸೆಯೂ ಏರುತ್ತದೆ. ಈಗ ನಾಲ್ಕು ತಂದು ನಾಳೆ ಕೈಕೈ ಹಿಸುಕಿಕೊಳ್ಳುವ ಬದಲು ಸಾಲ ಮಾಡಿಯಾದರೂ ಆರನ್ನೇ ತಂದುಬಿಡೋಣ ಅನ್ನಿಸುವುದು ಸಹಜ. ಆದರೆ ಈ ಅಳತೆಯೇ ಸರಿಯಿಲ್ಲ ಎಂಬುದು ನನ್ನ ವಾದ. ನಮ್ಮ ಊರುಗಳಲ್ಲಿ ಹೊಸದಾಗಿ ಶುರುವಾಗುವ ಅಂಗಡಿಯ ದುಡಿಮೆ ನಿಂತಿರುವುದು ತೋಳುಗಳ ಸಂಖ್ಯೆಯ ಮೇಲಲ್ಲ. ಒತ್ತಿದ ಇಂಕು ಎಷ್ಟು ಬೇಗ ಗಟ್ಟಿಯಾಗುತ್ತದೆ, ಎತ್ತಿದ ಫ್ರೇಮು ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆಯೇ ಎಂಬ ಎರಡು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ. ಇವೆರಡೂ ಕ್ಯಾಟಲಾಗಿನ ದಪ್ಪಕ್ಷರದಲ್ಲಿ ಕಾಣಸಿಗುವುದಿಲ್ಲ.

ಮೊದಲು ಬರುವ ಕೆಲಸ ಯಾವ ಬಗೆಯದು ನೋಡೋಣ. ನವೆಂಬರ್ ಹತ್ತಿರವಾದಂತೆ ರಾಜ್ಯೋತ್ಸವದ ಟೀ ಶರ್ಟು: ಹಳದಿ ಬಟ್ಟೆಯ ಮೇಲೆ ಕೆಂಪು, ಬಹಳವೆಂದರೆ ಕಪ್ಪಿನ ಒಂದು ಅಂಚು. ಗಣೇಶನ ಹಬ್ಬಕ್ಕೆ ಯುವಕ ಮಂಡಳಿಯ ಹೆಸರು, ಕಾಲೇಜು ಫೆಸ್ಟ್‌ಗೆ ಬೆನ್ನ ಮೇಲೊಂದು ಬರಹ, ಹೋಟೆಲು ಮತ್ತು ಪೆಟ್ರೋಲ್ ಬಂಕಿನ ಹುಡುಗರ ಎದೆಯ ಮೇಲೆ ಅಂಗೈಯಗಲದ ಲೋಗೊ, ಮದುವೆ ಗೃಹಪ್ರವೇಶಗಳಿಗೆ ತಾಂಬೂಲದ ಚೀಲ. ತಾಂಬೂಲದ ಚೀಲದ ಮೇಲೆ ಗಣಪತಿ, ವಧೂವರರ ಹೆಸರು, ತಾರೀಖು ಇದ್ದರೆ ಮುಗಿಯಿತು. ಒಂದೇ ಬಣ್ಣ, ಎರಡಾದರೆ ಶ್ರೀಮಂತರ ಮನೆಯದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ, ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ಕಡಿವಾಣ ಬಿದ್ದದ್ದು 2016ರಲ್ಲೇ. ಬಟ್ಟೆ ಚೀಲದ ಮೇಲಿನ ಅಚ್ಚಿಗೆ ಇದರಿಂದ ಜಾಗ ಸಿಕ್ಕಿದೆ, ಆ ಅಚ್ಚೂ ಒಂದೆರಡು ಬಣ್ಣದ್ದೇ. ಕ್ರಿಕೆಟ್ ಟೂರ್ನಮೆಂಟಿನ ಬಣ್ಣಬಣ್ಣದ ಪಾಲಿಯೆಸ್ಟರ್ ಜೆರ್ಸಿಯಂತೂ ಸಬ್ಲಿಮೇಷನ್‌ನವರ ಪಾಲಾಗಿದೆ. ಇಷ್ಟಕ್ಕೆ ಆರು ತೋಳು ಏಕೆ?

ಇದಕ್ಕೆ ಕಸುಬು ಬಲ್ಲವರು ತಕ್ಷಣ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಕಪ್ಪು ಅಂಗಿಯ ಮೇಲೆ ಕೆಂಪು ನೇರವಾಗಿ ಒತ್ತಿದರೆ ಅದು ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಕೆಳಗೆ ಬಿಳಿಯ ಬೇಸ್ ಹಾಕಲೇಬೇಕು. ಎರಡು ಬಣ್ಣದ ವಿನ್ಯಾಸಕ್ಕೆ ಆಗ ಮೂರು ಸ್ಕ್ರೀನು ಬೇಕಾಗುತ್ತದೆ, ಮೇಲೆ ಹೊಳೆಯುವ ಬಿಳಿ ಬೇಕೆಂದರೆ ನಾಲ್ಕು. ಒಪ್ಪಿದೆ, ಹಾಗಾಗಿಯೇ ಒಂದು ತೋಳಿನ ಯಂತ್ರ ಸಾಲದು, ನಾಲ್ಕು ಬೇಕು. ಆದರೆ ಈ ಆಕ್ಷೇಪವನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು ನೋಡಿ. ಬೇಸ್ ಹಾಕಿದೊಡನೆ ಅದರ ಮೇಲೆ ಕೆಂಪು ಒತ್ತಲಾಗುವುದಿಲ್ಲ. ಬಿಳಿ ಅಂಟುಬಿಡುವಷ್ಟು ಬಿಸಿ ಕೊಡಬೇಕು. ಅದಕ್ಕೆ ಹಲಗೆಯ ಮೇಲೆ ಫ್ಲ್ಯಾಶ್ ಕ್ಯೂರ್ ತಂದು ನಿಲ್ಲಿಸಬೇಕು, ಎಂಟು ಹತ್ತು ಸೆಕೆಂಡು ಕಾಯಬೇಕು. ಪ್ಲಾಸ್ಟಿಸಾಲ್ ಇಂಕಿನ ಸ್ವಭಾವವೇ ಹೀಗೆ. ಅದು ಗಾಳಿಗೆ ಒಣಗುವುದಿಲ್ಲ. ರಾತ್ರಿಯಿಡೀ ಸ್ಕ್ರೀನಿನಲ್ಲಿ ಬಿಟ್ಟರೂ ಬೆಳಗ್ಗೆ ಮೆಶ್ ಕಟ್ಟಿಕೊಂಡಿರುವುದಿಲ್ಲ, ಆದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಪೂರ್ತಿ ಗಟ್ಟಿಯಾಗುವುದೂ ಇಲ್ಲ. ಮೇಲ್ಪದರ ಮಾತ್ರ ಬೆಂದು ಒಳಗೆ ಹಸಿಯಿದ್ದರೆ ಅಂಗಿ ಕೊಡುವಾಗ ಚೆನ್ನಾಗಿಯೇ ಕಾಣುತ್ತದೆ. ಎರಡನೆಯ ಒಗೆತಕ್ಕೆ ಬಿರುಕು, ನಾಲ್ಕನೆಯದಕ್ಕೆ ಅಕ್ಷರವೇ ಮಾಯ.

ಕಪ್ಪು ಅಂಗಿ ನೂರು, ಮೂರು ಸ್ಕ್ರೀನು, ಒಬ್ಬನೇ ಪ್ರಿಂಟರು ಎಂದಿಟ್ಟುಕೊಂಡು ಗಡಿಯಾರದ ಲೆಕ್ಕ ಹಾಕೋಣ. ಒಂದು ಸ್ಕ್ರೀನಿನ ಮೇಲೆ ಸ್ಕ್ವೀಜಿ ಎಳೆಯಲು ಐದು ಸೆಕೆಂಡು ಹಿಡಿದರೆ ನೂರು ಅಂಗಿಗೆ ಮೂರು ಸ್ಕ್ರೀನಿಗೆ 1,500 ಸೆಕೆಂಡು, ಅಂದರೆ 25 ನಿಮಿಷ. ಬೇಸ್ ಬಿಸಿ ಮಾಡಲು ಅಂಗಿಗೆ ಹತ್ತು ಸೆಕೆಂಡು, ಕೊನೆಯ ಕ್ಯೂರಿಂಗನ್ನೂ ಅದೇ ಫ್ಲ್ಯಾಶ್‌ನ ಕೆಳಗೆ ಮಾಡಿದರೆ ಇನ್ನು ನಲವತ್ತು. ನೂರು ಅಂಗಿಗೆ 5,000 ಸೆಕೆಂಡು, ಎಂಬತ್ತು ನಿಮಿಷದ ಮೇಲೆ. ಕೈಯ ಕೆಲಸದ ಮೂರುಪಟ್ಟಿಗೂ ಹೆಚ್ಚು ಹೊತ್ತನ್ನು ಬಿಸಿಯೇ ತಿನ್ನುತ್ತಿದೆ. ಆರು ತೋಳಿನ ಯಂತ್ರ ತಂದರೆ ಆ 25 ನಿಮಿಷದಲ್ಲಿ ಒಂದು ನಿಮಿಷವೂ ಉಳಿಯುವುದಿಲ್ಲ, ಎಂಬತ್ತಂತೂ ಹಾಗೇ ಇರುತ್ತದೆ. ಅದೇ ದುಡ್ಡಿನ ವ್ಯತ್ಯಾಸವನ್ನು ಸಣ್ಣದೊಂದು ಕನ್ವೇಯರ್ ಡ್ರೈಯರ್‌ಗೆ ಹಾಕಿದರೆ ಕೊನೆಯ ಕ್ಯೂರಿಂಗ್ ಪ್ರೆಸ್ಸಿನಿಂದ ಹೊರಗೆ ಹೋಗುತ್ತದೆ. ಒಂದು ಅಂಗಿ ಬೆಲ್ಟಿನ ಮೇಲೆ ಬೇಯುತ್ತಿರುವಾಗ ಹಲಗೆಗೆ ಮುಂದಿನದನ್ನು ತೊಡಿಸಬಹುದು. ಅಷ್ಟೂ ಶಕ್ತಿಯಿಲ್ಲದವರಿಗೆ ಹೀಟ್ ಪ್ರೆಸ್ಸೇ ಆದೀತು. ಟೆಫ್ಲಾನ್ ಹಾಳೆ ಹೊದಿಸಿ ಒತ್ತಿದರೆ ಕ್ಯೂರ್ ಆಗುತ್ತದೆ, ಅಚ್ಚಿನ ಮೈ ಸ್ವಲ್ಪ ನುಣುಪಾಗುತ್ತದೆ ಅಷ್ಟೆ. ಸೆಕೆಂಡುಗಳು ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆಯಾದಾವು, ಅನುಪಾತ ತಲೆಕೆಳಗಾಗುವುದು ಕಷ್ಟ.

ನಾವು ವಾಟರ್ ಬೇಸ್ ಇಂಕು ಹಾಕುತ್ತೇವೆ, ಹಗ್ಗದ ಮೇಲೆ ಒಣಹಾಕಿದರೆ ಸಾಕು ಎನ್ನುವವರಿದ್ದಾರೆ. ಪಿಗ್ಮೆಂಟು ಬೈಂಡರು ಬಟ್ಟೆಗೆ ಭದ್ರವಾಗಿ ಕಚ್ಚಬೇಕಾದರೆ ಅದಕ್ಕೂ ಸುಮಾರು 150 ಡಿಗ್ರಿಯಲ್ಲಿ ಕೆಲವು ನಿಮಿಷ ಬೇಕು. ಫಿಕ್ಸರ್ ಬೆರೆಸಿ ನಾಲ್ಕು ದಿನ ಇಟ್ಟರೆ ನಡೆಯುತ್ತದೆ ನಿಜ, ಆದರೆ ನಾಳಿದ್ದು ಮೆರವಣಿಗೆ ಎಂದು ಇವತ್ತು ಆರ್ಡರ್ ಕೊಡುವ ಊರಿನಲ್ಲಿ ನಾಲ್ಕು ದಿನ ಯಾರು ಕೊಡುತ್ತಾರೆ? ಅಲ್ಲದೆ ಏಪ್ರಿಲಿನ ಕಲಬುರಗಿ, ರಾಯಚೂರುಗಳಲ್ಲಿ ಈ ಇಂಕು ಬಟ್ಟೆಯ ಮೇಲೆ ಒಣಗುವ ಮೊದಲು ಮೆಶ್‌ನಲ್ಲೇ ಒಣಗಿ ಕೂರುತ್ತದೆ.

ಬಿಸಿಯ ಈ ಸಮಸ್ಯೆ ಹೊಸದೇನೂ ಅಲ್ಲ, ಸುತ್ತುವ ಪ್ರೆಸ್ಸೇ ಅದಕ್ಕಿರುವ ಒಂದೇ ಉತ್ತರವೂ ಅಲ್ಲ. ಅಮೆರಿಕದ ಮೈಕೆಲ್ ವ್ಯಾಸಿಲಾಂಟೋನ್ ಅವರ ಸುತ್ತುವ ಬಹುವರ್ಣ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಅಲ್ಲಿ ಹೊಲಿದು ಸಿದ್ಧವಾದ ಅಂಗಿ ಸ್ಕ್ರೀನಿನ ಬಳಿಗೆ ಬರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಉದ್ದ ಟೇಬಲ್ಲಿನ ಪದ್ಧತಿಯಲ್ಲಿ ಸ್ಕ್ರೀನೇ ಬಟ್ಟೆಯ ಬಳಿಗೆ ನಡೆಯುತ್ತದೆ. ಟೇಬಲ್ಲಿನ ಮೇಲೆ ಸಾಲಾಗಿ ತುಂಡುಗಳನ್ನು ಅಂಟಿಸಿ, ಪಕ್ಕದ ಪಟ್ಟಿಗೆ ಬಿಗಿದ ಸ್ಟಾಪರ್‌ಗಳಿಗೆ ಫ್ರೇಮನ್ನು ತಾಗಿಸುತ್ತಾ ಒಬ್ಬ ಈ ತುದಿಯಿಂದ ಆ ತುದಿಗೆ ಒತ್ತುತ್ತಾ ಹೋಗುತ್ತಾನೆ. ಎರಡನೆಯ ಬಣ್ಣ ಹಿಡಿದು ಮತ್ತೆ ಮೊದಲ ತುಂಡಿಗೆ ಬರುವಷ್ಟರಲ್ಲಿ ಅದು ಆರಿರುತ್ತದೆ. ಇಲ್ಲಿ ಟೇಬಲ್ಲಿನ ಉದ್ದವೇ ಡ್ರೈಯರ್. ಎಷ್ಟು ಬಣ್ಣ ಬೇಕಾದರೂ ಹಾಕಬಹುದು, ಫ್ರೇಮು ಬದಲಿಸಿದರಾಯಿತು. ಜಾಗ ಸಸ್ತಾ ಇರುವ ಕಡೆ ಇದು ಸುತ್ತುವ ಪ್ರೆಸ್ಸಿಗಿಂತ ಕೆಳಗಿನದೆಂದು ನಾನು ಒಪ್ಪಲಾರೆ. ತಾಂಬೂಲದ ಚೀಲದಂಥ ಮಟ್ಟಸ ವಸ್ತುವಿಗೆ ಟೇಬಲ್ಲೇ ಮೇಲು. ಬಸ್‌ಸ್ಟ್ಯಾಂಡಿನ ಹಿಂದಿನ ಹತ್ತಡಿ ಹನ್ನೆರಡಡಿ ಮಳಿಗೆಯಲ್ಲಿ ಮಾತ್ರ ಅದು ಹಿಡಿಸದು. ಹಾಗೆ ನೋಡಿದರೆ ನಾಲ್ಕು ಹಲಗೆಯ ಫೋರ್ ಬೈ ಫೋರೂ ಅಲ್ಲಿ ಹಿಡಿಸದು. ತೋಳುಗಳು ತಿರುಗಲು, ಪ್ರಿಂಟರು ನಿಲ್ಲಲು, ಫ್ಲ್ಯಾಶ್ ಸರಿಸಲು ಬಿಟ್ಟರೆ ಮಳಿಗೆ ಭರ್ತಿ. ಸ್ಕ್ರೀನ್ ತೊಳೆಯುವ ತೊಟ್ಟಿ ಬೀದಿಗೆ ಬರಬೇಕು. ಒಬ್ಬನೇ ದುಡಿಯುವ ಅಂಗಡಿಯಲ್ಲಿ ನಾಲ್ಕು ಹಲಗೆಗಳ ಪೈಕಿ ಎರಡು ಸುಮ್ಮನೆ ನಿಂತಿರುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿ.

ಇನ್ನು ಗಟ್ಟಿತನದ ಮಾತು. ಅದನ್ನು ಮೀಸಲಾಗಿ ಹೇಳಬೇಕು, ಏಕೆಂದರೆ ಸೋವಿ ಯಂತ್ರಗಳು ಸೋಲುವುದು ಇಲ್ಲೇ. ತೋಳು ಒಂದು ತುದಿಯಲ್ಲಿ ಕೇಂದ್ರದ ಬೇರಿಂಗಿಗೆ ಕೂತಿರುತ್ತದೆ, ಅಚ್ಚು ಬೀಳುವುದು ಅಲ್ಲಿಂದ ಸುಮಾರು 60 ಸೆಂಟಿಮೀಟರ್ ಆಚೆ. ಬೇರಿಂಗಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ಸಡಿಲವಿದ್ದರೆ ಆ ದೂರದಲ್ಲಿ ಅದು ಒಂದು ಮಿಲಿಮೀಟರಾಗುತ್ತದೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಎದೆಯ ಮೇಲಿನ ಸಣ್ಣ ಲೋಗೊದಲ್ಲಿ ‘ಶ್ರೀ ಲಕ್ಷ್ಮೀ’ ಎಂದು ಬಿಳಿಯ ಬೇಸಿನ ಮೇಲೆ ಕೆಂಪು ಒತ್ತಿ ನೋಡಿ. ಕ್ಷಕಾರದ ಕೆಳಗೆ ಇಳಿಬಿದ್ದ ಮಕಾರದ ಒತ್ತು, ಅದರ ಒಳಗಿನ ಪುಟ್ಟ ಖಾಲಿ ಜಾಗ, ಎಲ್ಲ ಸೇರಿ ಮಿಲಿಮೀಟರಿನಷ್ಟೇ ಇರುತ್ತದೆ. ಬೇಸ್ ಒಂದು ಕಡೆಗೆ ಇಣುಕಿದರೆ ಅಕ್ಷರಕ್ಕೆ ಬಿಳಿಯ ನೆರಳು ಮೂಡುತ್ತದೆ, ಒಳಜಾಗ ತುಂಬಿಹೋಗುತ್ತದೆ. ಇಂಗ್ಲಿಷಿನ ದಪ್ಪ ದೊಡ್ಡಕ್ಷರದ ಸ್ಯಾಂಪಲ್ ಒತ್ತಿ ತೋರಿಸಿದ ಯಂತ್ರ ಕನ್ನಡದ ಒತ್ತಕ್ಷರದ ಮುಂದೆ ಬಣ್ಣಗೇಡಾಗುವುದು ಹೀಗೆ.

ಬಣ್ಣಗಳ ಸಂಖ್ಯೆಗೂ ಕೆಲಸದ ಕಷ್ಟಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. ಕೇಸರಿ, ಬಿಳಿ, ಹಸಿರು ಬಟ್ಟೆಗಳನ್ನು ಹೊಲಿದು ಸೇರಿಸುತ್ತಾರೆ, ಅಚ್ಚಾಗುವುದು ಚಕ್ರವೊಂದೇ, ನೀಲಿ ಒಂದೇ ಬಣ್ಣ. ಆದರೆ ಅದು ಬಟ್ಟೆಯ ಎರಡೂ ಮಗ್ಗುಲಲ್ಲಿ ಬೀಳಬೇಕು, ಇಪ್ಪತ್ನಾಲ್ಕು ಅರಗಳೂ ಒಂದರ ಬೆನ್ನಿಗೊಂದು ಕೂರಬೇಕು. 6300 ಮಿಲಿಮೀಟರ್ ಉದ್ದದ ಬಾವುಟದಲ್ಲಿ ಚಕ್ರದ ವ್ಯಾಸ 1295 ಮಿಲಿಮೀಟರ್, 150 ಮಿಲಿಮೀಟರಿನ ಬಾವುಟದಲ್ಲಿ ಬರೀ 25. ಅರ ಒಂದು ಕೂದಲೆಳೆ ಸರಿದರೂ ಬೆಳಕಿಗೆ ಹಿಡಿದಾಗ ಜೋಡಿ ಗೆರೆ ಕಾಣುತ್ತದೆ. ಒಂದೇ ಬಣ್ಣದ ಈ ಕೆಲಸ ಆರು ಬಣ್ಣದ ಕಾರ್ಟೂನಿಗಿಂತ ಕಠಿಣ, ಏಕೆಂದರೆ ಕಾರ್ಟೂನಿನಲ್ಲಿ ಕಪ್ಪು ಅಂಚು ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತದೆ.

ಫ್ರೇಮು ಮತ್ತು ಎಕ್ಸ್‌ಪೋಸಿಂಗ್ ಬಗ್ಗೆ ಎರಡೇ ಮಾತು. ಮಂಗಳೂರಿನ ಆಷಾಢದಲ್ಲಿ ಮರದ ಫ್ರೇಮು ನೀರು ಕುಡಿದು ತಿರುಚಿಕೊಳ್ಳುತ್ತದೆ, ಬಳಿದ ಎಮಲ್ಷನ್ ಒಣಗುವುದಿಲ್ಲ. ಒಣಗದ ಎಮಲ್ಷನ್ನಿಗೆ ಬೆಳಕು ಕೊಟ್ಟರೆ ತೊಳೆಯುವಾಗ ಅಕ್ಷರದ ಜೊತೆ ಅಂಚೂ ಹರಿದುಹೋಗುತ್ತದೆ. ಪ್ರೆಸ್ ಎಷ್ಟೇ ಗಟ್ಟಿಯಿರಲಿ, ಸ್ಕ್ರೀನೇ ಸಡಿಲವಾದರೆ ಮೈಕ್ರೊ ರಿಜಿಸ್ಟ್ರೇಷನ್ ತಿರುಪುಗಳು ಅಲಂಕಾರಕ್ಕೆ ಮಾತ್ರ. ಅಲ್ಯೂಮಿನಿಯಂ ಫ್ರೇಮು, ಒಣ ಕತ್ತಲೆಯ ಒಂದು ಮೂಲೆ, ಹೊತ್ತು ತಪ್ಪದ ಎಕ್ಸ್‌ಪೋಸಿಂಗ್ ಬಾಕ್ಸು: ಐದನೇ ತೋಳಿನ ದುಡ್ಡು ಇಲ್ಲಿಗೆ ಬರಲಿ.

ಈಗ ಡಿಟಿಎಫ್ ಬಂದಿರುವಾಗ ಸ್ಕ್ರೀನ್ ಪ್ರಿಂಟಿಂಗಿಗೇ ಏಕೆ ಬಂಡವಾಳ ಹೂಡಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಫಿಲ್ಮಿನ ಮೇಲೆ ಡಿಜಿಟಲ್ ಆಗಿ ಮುದ್ರಿಸಿ ಬಟ್ಟೆಗೆ ಒತ್ತುವ ಆ ವಿಧಾನಕ್ಕೆ ಬಣ್ಣ ಎರಡಾದರೂ ಇನ್ನೂರಾದರೂ ಒಂದೇ. ಹತ್ತು ಅಂಗಿಗೆ ನಾಯಕನಟನ ಫೋಟೊ ಬೇಕೆಂದರೆ ಸ್ಕ್ರೀನಿನವನು ಅದರ ಮುಂದೆ ನಿಲ್ಲಲಾರ, ನಿಲ್ಲಲು ಹೋಗಲೂಬಾರದು. ಆದರೆ ಐನೂರು ಅಂಗಿಗೆ ಒಂದೇ ಕೆಂಪು ಬೇಕೆಂದಾಗ ಲೆಕ್ಕ ತಿರುಗುತ್ತದೆ. ಸ್ಕ್ರೀನಿನ ಖರ್ಚು ಒಮ್ಮೆ ಮಾತ್ರ, ಡಿಟಿಎಫ್‌ಗೆ ಪ್ರತಿ ಅಂಗಿಗೂ ಫಿಲ್ಮು, ಪುಡಿ, ಇಂಕು ಬೇಕು. ದೊಡ್ಡ ಗಾತ್ರದ ಅಚ್ಚು ಮೈಮೇಲೆ ರೆಕ್ಸಿನ್ನಿನಂತೆ ಕೂರುತ್ತದೆ, ಸೆಖೆಗೆ ಒಳಗೆ ಬೆವರುತ್ತದೆ. ಹೊಸ ತಂತ್ರ ಕಿತ್ತುಕೊಂಡದ್ದು ಹೆಚ್ಚು ಬಣ್ಣದ, ಕಡಿಮೆ ಸಂಖ್ಯೆಯ ಕೆಲಸವನ್ನು. ಆರು ತೋಳಿನ ಪ್ರೆಸ್ಸನ್ನು ಕೊಳ್ಳುವುದು ಆ ಕೆಲಸದ ಆಸೆಗೇ ಅಲ್ಲವೇ? ಉಳಿದಿರುವ ಕಡಿಮೆ ಬಣ್ಣದ, ಹೆಚ್ಚು ಸಂಖ್ಯೆಯ ಕೆಲಸಕ್ಕೆ ಗಟ್ಟಿಯಾದ ನಾಲ್ಕು ತೋಳು, ಒಂದೋ ಎರಡೋ ಹಲಗೆ, ಬೇರೆಯೇ ಆದ ಡ್ರೈಯರ್ ಸಾಕು.

ಸ್ಥಳೀಯ ವರ್ಕ್‌ಶಾಪಿನಲ್ಲಿ ಅರ್ಧ ಬೆಲೆಗೆ ಮಾಡಿಸಬಹುದಲ್ಲ ಎಂದರೆ, ಒಂದು ಬಣ್ಣದ ಟೇಬಲ್ ಕ್ಲ್ಯಾಂಪಿಗೆ ಅದು ಒಳ್ಳೆಯ ಸಲಹೆಯೇ. ಸುತ್ತುವ ಪ್ರೆಸ್ಸಿಗೆ ಮಾತ್ರ ವೆಲ್ಡಿಂಗ್ ಸಾಲದು, ಕೇಂದ್ರದ ಭಾಗ ಲೇತಿನಲ್ಲಿ ಅಳತೆಗೆ ಸರಿಯಾಗಿ ಕಡೆದದ್ದಾಗಿರಬೇಕು. ನಾಳೆ ಅಂಗಡಿ ಬೆಳೆದರೆ ಎನ್ನುವವರಿಗೂ ಉತ್ತರವಿದೆ. ಬೆಳೆಯುವ ಅಂಗಡಿಗೆ ಮೊದಲು ಸಾಲದಾಗುವುದು ಬಿಸಿ, ಆಮೇಲೆ ಕೈಗಳು, ತೋಳಿನ ಸರದಿ ಬರುವುದು ಕೊನೆಗೆ. ಮೂರು ಫೇಸ್ ಕರೆಂಟು ಸಿಗುವವರೆಗೆ ದೊಡ್ಡ ಡ್ರೈಯರ್ ಓಡುವುದಿಲ್ಲ. ಒಂದೂವರೆ ಎರಡು ಕಿಲೋವ್ಯಾಟ್ ಎಳೆಯುವ ಫ್ಲ್ಯಾಶ್ ಎರಡಿಟ್ಟರೇ ಹಳೆಯ ವೈರಿಂಗ್ ಬಿಸಿಯಾಗುವ ಮಳಿಗೆಗಳಿವೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನೋಡಬೇಕಾದದ್ದು ಮೀಟರ್ ಬೋರ್ಡು, ನೀರಿನ ನಲ್ಲಿ, ಚರಂಡಿ.

ಗಾರ್ಮೆಂಟ್ ಕಾರ್ಖಾನೆಯೊಂದರಿಂದ ಮಕ್ಕಳ ಉಡುಪಿನ ಐದಾರು ಬಣ್ಣದ ಜಾಬ್ ವರ್ಕ್ ಬರವಣಿಗೆಯಲ್ಲೇ ಖಾತ್ರಿಯಾಗಿ ಸಿಕ್ಕಿದ್ದರೆ ನನ್ನ ವಾದ ಅಲ್ಲಿಗೆ ನಿಲ್ಲುತ್ತದೆ. ಅಂಥವರಿಗೆ ಆರು ತೋಳು ಬೇಕೇ ಬೇಕು, ಆಟೋಮ್ಯಾಟಿಕ್ ಮಷಿನ್ನನ್ನೂ ಅವರು ವಿಚಾರಿಸಬಹುದು; ಕಂಪ್ರೆಸರ್ ಮತ್ತು ಉದ್ದ ಡ್ರೈಯರ್ ಅದೇ ಬಿಲ್ಲಿನಲ್ಲಿ ಸೇರಿರುತ್ತವೆ ಎಂಬುದು ಗೊತ್ತಿರಲಿ. ಉಳಿದವರು ಡೀಲರ್ ಬಳಿಗೆ ಹೋಗುವಾಗ ತಮ್ಮದೇ ಊರಿನ ಒಂದು ಕಷ್ಟದ ಕೆಲಸ ಒಯ್ಯಲಿ: ಕಪ್ಪು ಬಟ್ಟೆ, ಬಿಳಿ ಬೇಸ್, ಒತ್ತಕ್ಷರ ತುಂಬಿದ ಹೆಸರು. ತೋಳನ್ನು ಇಳಿಸಿ ತುದಿ ಹಿಡಿದು ಅಡ್ಡಡ್ಡ ಅಲುಗಿಸಲಿ. ಹಲಗೆಯ ಮೂಲೆಯನ್ನು ಅಂಗೈಯಿಂದ ಒತ್ತಿ ಬಾಗುತ್ತದೆಯೇ ನೋಡಲಿ. ಬಿಡದೆ ಇಪ್ಪತ್ತು ಅಂಗಿ ಒತ್ತಿಸಿ, ಮೊದಲನೆಯದನ್ನೂ ಇಪ್ಪತ್ತನೆಯದನ್ನೂ ಪಕ್ಕಪಕ್ಕ ಇಟ್ಟು, ಬಿಳಿ ಎಲ್ಲಿ ಇಣುಕಿದೆ ಎಂದು ಹುಡುಕಿದ ಮೇಲೆ ಬೆಲೆಯ ಮಾತು ತೆಗೆಯಲಿ.