ಶಸ್ತ್ರಚಿಕಿತ್ಸೋತ್ತರ ವಾಂತಿಯೂ ಅಪ್ಫೆಲರ ಅಂಕಗಣನೆಯೂ: ಒಂದು ವಿಮರ್ಶೆ

ಪೂರ್ಣ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಯಾದ ಬಳಿಕ ಬರುವ ಓಕರಿಕೆ ವಾಂತಿಗಳನ್ನು ಕ್ಷುಲ್ಲಕವೆಂದು ಭಾವಿಸುವುದುಂಟು. ಹೊಲಿಗೆಯನ್ನು ಜಗ್ಗಿ ನೋಯಿಸುವ, ಗುಟುಕು ನೀರನ್ನೂ ನಿಲ್ಲಗೊಡದ, ಕೆಲವೊಮ್ಮೆ ಶ್ವಾಸಕೋಶಕ್ಕೂ ಅಪಾಯ ತರುವ ಈ ಬಾಧೆಯನ್ನು ಮುಂದಾಗಿ ಊಹಿಸಲು 1999ರಲ್ಲಿ ಅಪ್ಫೆಲ್ ಮತ್ತು ಸಂಗಡಿಗರು ರೂಪಿಸಿದ ಅಂಕಗಣನೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಅದು ನಮ್ಮ ಹಳ್ಳಿಗಾಡಿನ ರೋಗಿಗಳಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸರಳತೆಯೇ ಈ ಗಣನೆಯ ಗುಣವೆಂಬುದನ್ನು ಒಪ್ಪಲೇಬೇಕು. ರೋಗಿ ಹೆಂಗಸೇ, ಧೂಮಪಾನ ಮಾಡದವರೇ, ಹಿಂದೆ ಶಸ್ತ್ರಚಿಕಿತ್ಸೆಯ ಬಳಿಕವೋ ಪ್ರಯಾಣದಲ್ಲೋ ವಾಂತಿಯಾದುದುಂಟೇ, ಮುಂದೆ ನೋವಿಗೆ ಅಫೀಮು ವರ್ಗದ ಮದ್ದು ಬೇಕಾದೀತೇ: ಇವು ನಾಲ್ಕೇ ಪ್ರಶ್ನೆಗಳು. ಒಂದೂ ಅನ್ವಯಿಸದಿದ್ದರೆ ಸಂಭವ ನೂರಕ್ಕೆ 10; ಒಂದರಿಂದ ನಾಲ್ಕರವರೆಗೆ ಅನ್ವಯಿಸಿದರೆ ಕ್ರಮವಾಗಿ 21, 39, 61, 79.

ಆದರೆ ಇದು ಫಿನ್ಲೆಂಡಿನ ಊಲು, ಜರ್ಮನಿಯ ವ್ಯುರ್ಟ್ಸ್‌ಬರ್ಗ್ ಎಂಬ ಎರಡು ಕೇಂದ್ರಗಳ 2722 ರೋಗಿಗಳಿಂದ ಹುಟ್ಟಿದ ಗಣನೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಿಂದ ಕೋಲಾರದ ಆಸ್ಪತ್ರೆಗೆ ಬರುವ ಹೆಂಗಸಿಗೆ ಇದನ್ನು ಅನ್ವಯಿಸಿ ನೋಡೋಣ. ಬೀಡಿ ಸಿಗರೇಟು ಸೇದುವ ಹೆಂಗಸರು ಇಲ್ಲಿ ವಿರಳ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರ ಮಾತನ್ನು ಗಣನೆ ಎತ್ತುವುದೇ ಇಲ್ಲ. ಆದ್ದರಿಂದ ಆರಂಭದಲ್ಲಿಯೇ ಆಕೆಗೆ ಎರಡು ಅಂಕ. ನೋವಿನ ಮದ್ದು ಸೇರಿದರೆ ಮೂರು. ಒಬ್ಬರನ್ನು ಮತ್ತೊಬ್ಬರಿಂದ ಬೇರ್ಪಡಿಸಲು ಉಳಿಯುವುದು ಪೂರ್ವವೃತ್ತಾಂತದ ಪ್ರಶ್ನೆಯೊಂದೇ. ಅಲ್ಲಿಯೂ ತೊಡಕಿದೆ. ಹಿಂದೆ ಶಸ್ತ್ರಚಿಕಿತ್ಸೆಯನ್ನೇ ಕಾಣದ, ಬಸ್ ಪ್ರಯಾಣವೂ ಅಪರೂಪವಾದ ವೃದ್ಧೆಯೊಬ್ಬಳು 'ಇಲ್ಲ' ಎಂದರೆ ಅದು ನಿರಪಾಯಕ್ಕೆ ಸಾಕ್ಷಿಯಲ್ಲ. ಪರೀಕ್ಷೆಯೇ ನಡೆದಿಲ್ಲವೆಂಬುದರ ಸೂಚನೆ. ಗಣನೆಯಾದರೋ ಎರಡಕ್ಕೂ ಒಂದೇ ಸೊನ್ನೆಯನ್ನು ಹಾಕುತ್ತದೆ.

ಹೀಗಿರುವಲ್ಲಿ, ಅಂಕ ಹೆಚ್ಚಾದವರಿಗೆ ಮಾತ್ರ ತಡೆಮದ್ದೆಂಬ ಕ್ರಮ ಈ ಹೆಂಗಸರ ವಿಷಯದಲ್ಲಿ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಒಂದೆರಡು ಅಂಶಗಳಿದ್ದವರಿಗೂ ಎರಡು ಬಗೆಯ ಮದ್ದು ಬೇಕೆಂದು 2020ರ ಅಂತರರಾಷ್ಟ್ರೀಯ ಒಮ್ಮತದ ಸೂತ್ರಗಳೂ ಹೇಳುತ್ತವೆ. ಅರಿವಳಿಕೆಯ ಆರಂಭದಲ್ಲಿ ಡೆಕ್ಸಾಮೆಥಸೋನ್, ಕೊನೆಯಲ್ಲಿ ಆಂಡಾನ್ಸೆಟ್ರಾನ್ ಕೊಡಬಹುದು. ಎರಡೂ ಅಗ್ಗದ ಮದ್ದುಗಳೇ. 2004ರಲ್ಲಿ ಪ್ರಕಟವಾದ ಅಪ್ಫೆಲರದೇ ದೊಡ್ಡ ಪ್ರಯೋಗದಲ್ಲಿ ಇವು ಒಂದೊಂದೂ ಸಂಭವವನ್ನು ಸುಮಾರು ಕಾಲುಭಾಗ ಇಳಿಸಿದುವು. ಮೊದಲನೆಯದು ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಸಕ್ಕರೆ ಕಾಯಿಲೆಯವರಲ್ಲಿ ಎಚ್ಚರ ಅಗತ್ಯ.

ಗಣನೆಯನ್ನು ಕೈಬಿಡಬೇಕೆಂದು ನಾವು ವಾದಿಸುತ್ತಿಲ್ಲ. ಮೂರನೆಯ ಮದ್ದು ಯಾರಿಗೆ ಬೇಕೆಂದು ನಿರ್ಣಯಿಸಲು ಅದು ನೆರವಾದೀತು. ಆದರೆ ಅದರ ಪೂರ್ವವೃತ್ತಾಂತದ ಅಂಕಣದಲ್ಲಿ 'ಹೌದು', 'ಇಲ್ಲ' ಎಂಬುವುಗಳ ಜೊತೆಗೆ 'ತಿಳಿಯದು' ಎಂಬ ಮೂರನೆಯ ಉತ್ತರಕ್ಕೂ ಸ್ಥಳವಿರಬೇಕು. ಆ ಉತ್ತರ ಬಂದಲ್ಲಿ ಅದನ್ನು ಅಪಾಯದ ಪಕ್ಷಕ್ಕೇ ಎಣಿಸುವುದು ಉಚಿತ.